ತಣ್ಣನೆ ಕಡಲಿನ ಚಿಪ್ಪುಜೀವಿಗಳ ಜೀನೋಮ್: ರಿಪೀಟ್ ಲೆಕ್ಕ ತಪ್ಪಿದಾಗ ದೋಷ ಹುಡುಕುವುದು ಹೇಗೆ

ಸ್ಕ್ಯಾಲಪ್, ಮಸೆಲ್, ಕ್ಲ್ಯಾಮ್, ಆಯ್ಸ್ಟರ್. ತಣ್ಣನೆ ನೀರಿನ ಇಂಥ ಎರಡು ಚಿಪ್ಪಿನ ಜೀವಿಗಳ ಜೀನೋಮ್ (ಇಡೀ ಡಿಎನ್‌ಎ) ಜೋಡಿಸಲು, ಅಂದರೆ ಯಂತ್ರ ಓದಿಕೊಟ್ಟ ಡಿಎನ್‌ಎ ಚೂರುಗಳಿಂದ (ರೀಡ್‌ಗಳಿಂದ) ಅದನ್ನು ಮತ್ತೆ ಕಟ್ಟಲು ಕೂತವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಜೋಡಣೆ ಇರಬೇಕಾದ ಗಾತ್ರಕ್ಕಿಂತ ಎಷ್ಟೋ ದೊಡ್ಡದಾಯಿತು. ಇಲ್ಲವೇ ಚಿಕ್ಕದಾಯಿತು. ಕಾಂಟಿಗ್‌ಗಳು, ಅಂದರೆ ರೀಡ್‌ಗಳು ಸೇರಿ ಆದ ಉದ್ದ ತುಂಡುಗಳು, ಪುಡಿಪುಡಿಯಾಗಿವೆ. ರಿಪೀಟ್ ಪಟ್ಟಿಯಲ್ಲಿ ಅರ್ಧದಷ್ಟಕ್ಕೆ ಹೆಸರೇ ಇಲ್ಲ. ಇರಲೇಬೇಕಾದ ಜೀನ್‌ಗಳು ಕಾಣಿಸುತ್ತಿಲ್ಲ.

ಈ ಎಲ್ಲಕ್ಕೂ ಸಿಗುವ ಉತ್ತರ ಒಂದೇ: "ಈ ಜೀವಿಗಳಲ್ಲಿ ರಿಪೀಟ್ ಜಾಸ್ತಿ." ಮಾತು ನಿಜ. ಆದರೆ ಏನನ್ನು ಸರಿಪಡಿಸಬೇಕು ಅಂತ ಅದರಿಂದ ತಿಳಿಯುವುದಿಲ್ಲ. ಒಂದೇ ತುಣುಕು ಮತ್ತೆ ಮತ್ತೆ ಬರುವ ನಿಜವಾದ ರಿಪೀಟ್ ಬೇರೆ. ತಂದೆ ತಾಯಿಯಿಂದ ಬಂದ ಎರಡು ಪ್ರತಿಗಳು ತುಂಬಾ ಬೇರೆಯಾಗಿದ್ದು, ಜೋಡಣೆಯಲ್ಲಿ ರಿಪೀಟ್‌ನಂತೆ ಕಾಣುವುದು ಬೇರೆ. ಚಿಪ್ಪುಜೀವಿಗಳಲ್ಲಿ ಎರಡನೆಯದೇ ಹೆಚ್ಚು ಕಾಟ ಕೊಡುತ್ತದೆ. ಹಾಗಾಗಿ ಪರೀಕ್ಷೆಯನ್ನು ಅಲ್ಲಿಂದಲೇ ಶುರು ಮಾಡಿ. ಈ ಕ್ರಮ ಮುಖ್ಯ. ಮೊದಲು ಎರಡು ಪ್ರತಿಗಳ ವಿಷಯ, ಆಮೇಲೆ ಕುಸಿದ ರಿಪೀಟ್, ಕೊನೆಗೆ ಹೆಸರಿಡುವ ಕೆಲಸ. ತಿರುಗುಮುರುಗು ಮಾಡಿದರೆ ಒಂದು ದೋಷದ ಫಲವನ್ನು ಇನ್ನೊಂದರ ಕಾರಣ ಎಂದುಕೊಳ್ಳುತ್ತೀರಿ.

ಜೋಡಣೆಗೂ ಮೊದಲು: ಕೆ-ಮರ್ ಚಿತ್ರ

ಜೋಡಣೆಯ ಫೈಲನ್ನು ಪಕ್ಕಕ್ಕಿಡಿ. ಕಚ್ಚಾ ರೀಡ್‌ಗಳಿಂದ 21 ಬೇಸ್ (ಡಿಎನ್‌ಎ ಅಕ್ಷರ) ಉದ್ದದ ತುಣುಕುಗಳನ್ನು, ಅಂದರೆ ಕೆ-ಮರ್‌ಗಳನ್ನು, ಎಣಿಸಿ. ಯಾವ ತುಣುಕು ಎಷ್ಟು ಸಲ ಬಂದಿದೆ ಎನ್ನುವ ಚಿತ್ರ ಬರೆಯಿರಿ. ಎಣಿಕೆಗೆ ಜೆಲ್ಲಿಫಿಶ್ ಅಥವಾ ಕೆಎಂಸಿ, ಚಿತ್ರಕ್ಕೆ ಜೀನೋಮ್‌ಸ್ಕೋಪ್ ಸಾಕು. ಹೈಫೈ ರೀಡ್ (ಉದ್ದವೂ ನಿಖರವೂ ಆದ ರೀಡ್) ಇದ್ದರೆ ಅದರಿಂದಲೇ ಮಾಡಬಹುದು. ಇನ್ನೊಂದು ಬಗೆಯ ಉದ್ದ ರೀಡ್ ಆದ ಸಾಧಾರಣ ನ್ಯಾನೋಪೋರ್ ರೀಡ್‌ನ ತಪ್ಪುಗಳು ಈ ಎಣಿಕೆಯನ್ನು ಕೆಡಿಸುತ್ತವೆ.

ಚಿತ್ರದಲ್ಲಿ ಎರಡು ಗುಡ್ಡಗಳು ಕಾಣಬೇಕು. ಎಡಗಡೆಯದು ಒಂದೇ ಪ್ರತಿಯಲ್ಲಿರುವ ತುಣುಕುಗಳದ್ದು. ಅದರ ಎರಡು ಪಟ್ಟು ದೂರದಲ್ಲಿರುವುದು ಎರಡೂ ಪ್ರತಿಗಳಲ್ಲಿ ಒಂದೇ ಥರ ಇರುವ ತುಣುಕುಗಳದ್ದು. ಇನ್ನೂ ಬಲಕ್ಕೆ ಹರಡಿರುವ ಉದ್ದನೆ ಬಾಲವೇ ರಿಪೀಟ್.

ಇಲ್ಲಿ ಒಂದು ಲೆಕ್ಕ ನೆನಪಿರಲಿ. ಎರಡು ಪ್ರತಿಗಳ ನಡುವೆ ಶೇ. 1ರಷ್ಟು ವ್ಯತ್ಯಾಸ ಇದ್ದರೆ, 21 ಬೇಸ್‌ಗಳೂ ಹೊಂದುವ ಜಾಗಗಳು ಸುಮಾರು ಶೇ. 81. ಶೇ. 2 ಆದರೆ ಶೇ. 65. ಶೇ. 3 ಆದರೆ ಶೇ. 53 ಮಾತ್ರ. ಹೊಂದದ ಪ್ರತಿ ಜಾಗವೂ ಎರಡು ಬೇರೆ ಬೇರೆ ತುಣುಕು ಕೊಡುತ್ತದೆ. ಹೀಗಾಗಿ ಶೇ. 3ರ ಹೊತ್ತಿಗೆ ಎಡಗಡೆಯ ಗುಡ್ಡ ಬಲಗಡೆಯದಕ್ಕಿಂತ ತುಂಬಾ ಎತ್ತರಕ್ಕೆ ಬೆಳೆದಿರುತ್ತದೆ. ನೋಡಿದವರು ಅದನ್ನೇ ಮುಖ್ಯ ಗುಡ್ಡ ಅಂದುಕೊಳ್ಳುತ್ತಾರೆ. ಪ್ರೋಗ್ರಾಂ ಕೂಡ ಕೆಲವು ಸಲ ಹಾಗೆಯೇ ಅಂದುಕೊಳ್ಳುತ್ತದೆ.

ಪರಿಣಾಮ ದೊಡ್ಡದು. ತಪ್ಪುಗಳನ್ನು ತೆಗೆದ ಮೇಲೆ 6,000 ಕೋಟಿ ತುಣುಕು ಉಳಿದಿವೆ ಎನ್ನೋಣ. ಸರಿಯಾದ ಗುಡ್ಡ 60ರಲ್ಲಿದ್ದರೆ ಜೀನೋಮ್ 100 ಕೋಟಿ ಬೇಸ್, ಅಂದರೆ ಒಂದು ಗಿಗಾಬೇಸ್. 30ರಲ್ಲಿರುವ ಎಡಗಡೆಯ ಗುಡ್ಡ ಹಿಡಿದರೆ ಅದೇ ಜೀನೋಮ್ 200 ಕೋಟಿ ಆಗಿಬಿಡುತ್ತದೆ. ಆಮೇಲೆ ಆ ತಪ್ಪು ಗಾತ್ರಕ್ಕೆ ಹೊಂದುವ ತಪ್ಪು ಜೋಡಣೆ ಬಂದಾಗ ಎಲ್ಲರಿಗೂ ಸಮಾಧಾನ! ಆದ್ದರಿಂದ ಪ್ರೋಗ್ರಾಂಗೆ ಗುಡ್ಡ ಎಲ್ಲಿದೆ ಎಂದು ನೀವೇ ಹೇಳಿ ಇನ್ನೊಮ್ಮೆ ಓಡಿಸಿ. ಸಾಧ್ಯವಿದ್ದರೆ ಫ್ಲೋ ಸೈಟೊಮೆಟ್ರಿಯಿಂದ (ಬಣ್ಣ ಹಚ್ಚಿದ ಕೋಶಗಳ ಹೊಳಪಿನಿಂದ ಡಿಎನ್‌ಎ ಅಳೆಯುವ ವಿಧಾನ) ಗಾತ್ರ ಅಳೆಸಿ. ಒಂದು ಪಿಕೋಗ್ರಾಂ ಡಿಎನ್‌ಎ ಅಂದರೆ 97.8 ಕೋಟಿ ಬೇಸ್. ಅದು ಸೀಕ್ವೆನ್ಸಿಂಗ್ ಮೇಲೆ ನಿಂತಿಲ್ಲದ ಸಾಕ್ಷಿ. ಅದಕ್ಕೇ ಅದರ ಬೆಲೆ ಹೆಚ್ಚು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ಎಣಿಸುವ ಪ್ರೋಗ್ರಾಂಗಳಿಗೆ ಒಂದು ಮೇಲ್ಮಿತಿ ಇರುತ್ತದೆ. ಕೆಎಂಸಿ ಸುಮ್ನೆ ಬಿಟ್ಟರೆ 255ಕ್ಕೆ ನಿಲ್ಲುತ್ತದೆ. ಜೆಲ್ಲಿಫಿಶ್ ಚಿತ್ರದ ಪಟ್ಟಿ 10,000ಕ್ಕೆ ನಿಲ್ಲುತ್ತದೆ. ಸ್ಯಾಟಲೈಟ್ ಡಿಎನ್‌ಎಯ (ಒಂದರ ಪಕ್ಕ ಒಂದು ಸಾಲಾಗಿ ನಿಂತ ರಿಪೀಟ್) ಒಂದು ತುಣುಕು ರೀಡ್‌ಗಳಲ್ಲಿ ಲಕ್ಷಾಂತರ ಸಲ ಬರಬಹುದು. ಮಿತಿ ಚಿಕ್ಕದಾದರೆ ಅದೆಲ್ಲ ಲೆಕ್ಕದಿಂದ ಜಾರಿ, ಜೀನೋಮ್ ಚಿಕ್ಕದಾಗಿ ಕಾಣುತ್ತದೆ. ಮಿತಿಯನ್ನು ಕೆಲವು ಲಕ್ಷಕ್ಕೆ ಏರಿಸಿ ಮತ್ತೆ ನೋಡಿ. ಗಾತ್ರ ಎಷ್ಟು ಹೆಚ್ಚಿತೋ ಅಷ್ಟರಲ್ಲಿ ಬಹುಪಾಲು ರಿಪೀಟ್. ಸ್ವಲ್ಪ ಭಾಗ ಮೈಟೊಕಾಂಡ್ರಿಯದ್ದಿರಬಹುದು, ಅದನ್ನು ಕಳೆಯಿರಿ.

ಗಾತ್ರ ಜಾಸ್ತಿ ಬಂದಿದ್ದರೆ

ಒಂದೇ ಪುಸ್ತಕದ ಎರಡು ಮುದ್ರಣಗಳನ್ನು ಹರಿದು, ಚೂರುಗಳನ್ನು ಒಂದೇ ರಾಶಿ ಮಾಡಿ, ಮತ್ತೆ ಒಂದು ಪುಸ್ತಕ ಜೋಡಿಸಿ ಅಂದ ಹಾಗೆ ಈ ಕೆಲಸ. ಪುಟ ಪುಟಕ್ಕೂ ಪದಗಳು ಬದಲಾಗಿದ್ದರೆ, ಜೋಡಿಸುವವರು ಎರಡು ಮುದ್ರಣದ ಒಂದೇ ಪುಟವನ್ನು ಎರಡು ಬೇರೆ ಪುಟ ಎಂದು ಇಡುತ್ತಾರೆ.

ಇದು ಹೊಸ ಸಮಸ್ಯೆಯಲ್ಲ. ಪೆಸಿಫಿಕ್ ಆಯ್ಸ್ಟರ್‌ನ ಜೀನೋಮ್ 2012ರಲ್ಲಿ ಪ್ರಕಟವಾಯಿತು. ಅದಕ್ಕೆ ಬಳಸಿದ್ದು ನಾಲ್ಕು ತಲೆಮಾರು ಅಣ್ಣ ತಂಗಿಯರನ್ನೇ ಕೂಡಿಸಿ ಪಡೆದ ಜೀವಿ. ವ್ಯತ್ಯಾಸ ಕಡಿಮೆಯಾಗಲಿ ಎಂದೇ ಅಷ್ಟು ಕಷ್ಟಪಟ್ಟರು. ಆದರೂ ನೇರ ಜೋಡಣೆ ಕೈಗೂಡಲಿಲ್ಲ. ಜೀನೋಮ್ ಅನ್ನು ಫಾಸ್ಮಿಡ್‌ಗಳಲ್ಲಿ (ಬ್ಯಾಕ್ಟೀರಿಯಾದೊಳಗೆ ಇಟ್ಟು ಬೆಳೆಸುವ ಡಿಎನ್‌ಎ ತುಂಡುಗಳಲ್ಲಿ) ಚಿಕ್ಕ ಚಿಕ್ಕ ಗುಂಪು ಮಾಡಿ, ಗುಂಪು ಗುಂಪಾಗಿ ಜೋಡಿಸಬೇಕಾಯಿತು. ಆಗ ಸಿಕ್ಕ ಗಾತ್ರ 559 ಮೆಗಾಬೇಸ್, ಅಂದರೆ 55.9 ಕೋಟಿ ಬೇಸ್. ಉದ್ದ ರೀಡ್‌ಗಳಿಂದ ಕ್ರೋಮೋಸೋಮ್ ಮಟ್ಟದಲ್ಲಿ ಮಾಡಿದ 2021ರ ಒಂದು ಜೋಡಣೆ 647 ಮೆಗಾಬೇಸ್, 10 ಕ್ರೋಮೋಸೋಮ್.

ಪರೀಕ್ಷೆ ಹೀಗೆ. ಇರಲೇಬೇಕಾದ ಜೀನ್‌ಗಳು ಇವೆಯೇ ಎಂದು ನೋಡುವ ಬುಸ್ಕೊ ಪ್ರೋಗ್ರಾಂ ಓಡಿಸಿ. ಮೃದ್ವಂಗಿಗಳ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ 5,295 ಜೀನ್‌ಗಳಿವೆ, ಒಟ್ಟು ಪ್ರಾಣಿಗಳ ಪಟ್ಟಿಯಲ್ಲಿ 954. ಒಂದೇ ಸಲ ಇರಬೇಕಾದ ಈ ಜೀನ್‌ಗಳಲ್ಲಿ ನೂರಕ್ಕೆ ಹತ್ತು ಹದಿನೈದು ಎರಡೆರಡು ಸಲ ಸಿಕ್ಕರೆ, ಉಳಿದುಹೋದ ಎರಡನೇ ಪ್ರತಿಯ ಮೇಲೆಯೇ ಮೊದಲ ಅನುಮಾನ. ಆಮೇಲೆ ರೀಡ್ ಮತ್ತು ಜೋಡಣೆಯ ಕೆ-ಮರ್‌ಗಳನ್ನು ಹೋಲಿಸುವ ಮೆರ್ಕ್ಯುರಿಯ ಬಣ್ಣದ ಚಿತ್ರ ನೋಡಿ. ಬಲಗಡೆಯ ಗುಡ್ಡದ ತುಣುಕುಗಳು ಜೋಡಣೆಯಲ್ಲಿ ಒಂದು ಸಲ ಬರಬೇಕು. ಎರಡು ಸಲ ಬಂದ ಬಣ್ಣ ಅಲ್ಲಿ ದಪ್ಪವಾಗಿದ್ದರೆ ವಿಷಯ ಖಚಿತ.

ಸರಿಪಡಿಸಲು ಪರ್ಜ್‌ಡಪ್ಸ್ ಥರದ ಪ್ರೋಗ್ರಾಂ ಇವೆ. ಜೋಡಿಸುವ ಪ್ರೋಗ್ರಾಂ ಹೈಫೈಆಸ್ಮ್ ತನ್ನೊಳಗೇ ಈ ಕೆಲಸ ಮಾಡುತ್ತದೆ. ಆದರೆ ಮಸೆಲ್ ವಿಷಯದಲ್ಲಿ ಇಲ್ಲಿ ನಿಧಾನಿಸಿ, ದಯವಿಟ್ಟು. 2020ರಲ್ಲಿ ಬಂದ ಮೆಡಿಟರೇನಿಯನ್ ಮಸೆಲ್‌ನ ಅಧ್ಯಯನ ಒಂದು ದೊಡ್ಡ ವಿಷಯ ತೋರಿಸಿತು. ಆ ಪ್ರಭೇದದ ಎಲ್ಲ ಜೀವಿಗಳನ್ನು ಸೇರಿಸಿದಾಗ ಸಿಗುವ ಸುಮಾರು 65,000 ಜೀನ್‌ಗಳಲ್ಲಿ ಸುಮಾರು 20,000 ಕೆಲವು ಜೀವಿಗಳಲ್ಲಿ ಇರುತ್ತವೆ, ಕೆಲವದರಲ್ಲಿ ಇರುವುದೇ ಇಲ್ಲ. ಅಂದರೆ ಒಂದೇ ಜೀವಿಯಲ್ಲೂ ತಾಯಿಯ ಪ್ರತಿಯಲ್ಲಿದ್ದು ತಂದೆಯ ಪ್ರತಿಯಲ್ಲಿ ಇಲ್ಲದ ಭಾಗಗಳು ತುಂಬಾ ಇವೆ. ತಣ್ಣನೆ ನೀರಿನ ನೀಲಿ ಮಸೆಲ್ ಇದರ ಹತ್ತಿರದ ನೆಂಟ.

ಇಂಥ ಒಂಟಿ ಭಾಗಗಳ ಕವರೇಜ್ (ಒಂದು ಜಾಗದ ಮೇಲೆ ಬೀಳುವ ರೀಡ್‌ಗಳ ಸಂಖ್ಯೆ) ಸಹ ಅರ್ಧವೇ. 60 ಇರಬೇಕಾದಲ್ಲಿ 30. ಬರೀ ಕವರೇಜ್ ನೋಡಿ ಕತ್ತರಿಸಿದರೆ ಇವೂ ಕಸದ ಬುಟ್ಟಿಗೆ ಹೋಗುತ್ತವೆ. ಆದ್ದರಿಂದ ಅರ್ಧ ಕವರೇಜ್‌ನ ಪ್ರತಿ ಕಾಂಟಿಗ್‌ಗೂ ಒಂದು ಪ್ರಶ್ನೆ ಕೇಳಿ: ಇದರ ಜೋಡಿ ಜೋಡಣೆಯಲ್ಲಿ ಎಲ್ಲಾದರೂ ಇದೆಯಾ? ಇಡೀ ಜೋಡಣೆಯನ್ನು ಅದರ ವಿರುದ್ಧವೇ ಹೊಂದಿಸಿ ನೋಡಿದರೆ ಗೊತ್ತಾಗುತ್ತದೆ. ಜೋಡಿ ಇದ್ದು, ಅದರದ್ದೂ ಅರ್ಧ ಕವರೇಜ್ ಆಗಿದ್ದರೆ ಒಂದನ್ನು ತೆಗೆಯಿರಿ. ಜೋಡಿ ಇಲ್ಲದಿದ್ದರೆ ಮುಟ್ಟಬೇಡಿ. ನನ್ನ ಮಟ್ಟಿಗೆ ಇದೇ ಇಡೀ ಕೆಲಸದ ಅತಿ ಸೂಕ್ಷ್ಮ ಜಾಗ. ಇಲ್ಲಿ ಕಳೆದುಹೋದ ಜೀನ್ ಮುಂದೆ ಯಾವ ಹಂತದಲ್ಲೂ ವಾಪಸ್ ಬರುವುದಿಲ್ಲ.

ಗಾತ್ರ ಕಡಿಮೆ ಬಂದಿದ್ದರೆ

ಈಗ ನಿಜವಾದ ರಿಪೀಟ್‌ನ ಸರದಿ. ಜೋಡಿಸುವ ಪ್ರೋಗ್ರಾಂಗೆ ಒಂದರ ಪಕ್ಕ ಒಂದು ನಿಂತ ನೂರಾರು ಒಂದೇ ಥರದ ತುಣುಕು ಸಿಕ್ಕರೆ, ರೀಡ್ ಅಷ್ಟು ಉದ್ದ ಇಲ್ಲದಿದ್ದಾಗ ಅದು ಎಣಿಕೆ ತಪ್ಪಿಸಿಕೊಳ್ಳುತ್ತದೆ. ನೂರು ಪ್ರತಿಗಳು ಐದಾಗಿ ಕುಸಿಯುತ್ತವೆ. ಎರಡು ಚಿಪ್ಪಿನ ಜೀವಿಗಳಲ್ಲಿ ಇಂಥ ಸ್ಯಾಟಲೈಟ್‌ಗಳು ಬೇಕಾದಷ್ಟಿವೆ. ಬಿಐವಿ160 ಎಂಬ ಸುಮಾರು 160 ಬೇಸ್ ಉದ್ದದ ಒಂದು ಕುಟುಂಬ ತೀರ ದೂರದ ಪ್ರಭೇದಗಳಲ್ಲೂ ಸಿಗುತ್ತದೆ. ಅಷ್ಟು ಹಳೆಯದು ಅದು.

ಕುಸಿತ ಪತ್ತೆ ಮಾಡುವುದು ಕಷ್ಟವಲ್ಲ. ರೀಡ್‌ಗಳನ್ನು ಜೋಡಣೆಯ ಮೇಲೆ ಹೊಂದಿಸಿ ಕವರೇಜ್ ನೋಡಿ. ಸಾಧಾರಣ ಜಾಗದಲ್ಲಿ 60 ಇದೆ, ಒಂದು 5,000 ಬೇಸ್ ಜಾಗದಲ್ಲಿ 1,200 ಇದೆ ಎನ್ನೋಣ. ಅಲ್ಲಿ ಇಪ್ಪತ್ತು ಪಟ್ಟು ಡಿಎನ್‌ಎ ಒಂದರ ಮೇಲೊಂದು ಬಿದ್ದಿದೆ. ನಿಜವಾದ ಉದ್ದ 1,00,000 ಬೇಸ್, ಅದರಲ್ಲಿ 95,000 ಕಾಣೆ. ಇಡೀ ಜೋಡಣೆಯಲ್ಲಿ ಹೀಗೆ ಹೆಚ್ಚಾದದ್ದನ್ನು ಕೂಡಿಸಿ. ಆ ಮೊತ್ತವೂ ಜೋಡಣೆಯ ಗಾತ್ರವೂ ಸೇರಿ ಕೆ-ಮರ್ ಗಾತ್ರಕ್ಕೆ ಹತ್ತಿರ ಬಂದರೆ ಕಾಣೆಯಾದದ್ದು ಸಿಕ್ಕಿತು. ಬರದಿದ್ದರೆ ಇನ್ನೂ ಏನೋ ತಪ್ಪಿದೆ.

ಒಂದು ಎಚ್ಚರಿಕೆ. ಮೆರ್ಕ್ಯುರಿ ಚಿತ್ರದಲ್ಲಿ "ರೀಡ್‌ನಲ್ಲಿದೆ, ಜೋಡಣೆಯಲ್ಲಿಲ್ಲ" ಎನ್ನುವ ಬಣ್ಣದಲ್ಲಿ ಕುಸಿದ ರಿಪೀಟ್ ಕಾಣುವುದಿಲ್ಲ. ಅದು ಜೋಡಣೆಯಲ್ಲಿ ಒಂದು ಸಲವಾದರೂ ಇದೆಯಲ್ಲ! ಅದನ್ನು ಬಲಗಡೆಯ ಬಾಲದಲ್ಲಿ ಹುಡುಕಬೇಕು: ರೀಡ್‌ನಲ್ಲಿ ಸಾವಿರಾರು ಸಲ, ಜೋಡಣೆಯಲ್ಲಿ ಒಂದೆರಡು ಸಲ.

ಜೋಡಣೆಯನ್ನೇ ನಂಬದ ದಾರಿಯೂ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. ಜೀನೋಮ್‌ನ ಗಾತ್ರದ 0.1ರಿಂದ 0.5 ಪಟ್ಟು ಮಾತ್ರ ಆಗುವಷ್ಟು ಚಿಕ್ಕ ರೀಡ್‌ಗಳನ್ನು ಯಾದೃಚ್ಛಿಕವಾಗಿ ತೆಗೆದು ರಿಪೀಟ್‌ಎಕ್ಸ್‌ಪ್ಲೋರರ್‌ಗೆ ಕೊಡಿ. ಅಷ್ಟು ಕಡಿಮೆ ರೀಡ್‌ಗಳಲ್ಲಿ ಒಂದಕ್ಕೊಂದು ಹೊಂದುವವು ಬಹುತೇಕ ರಿಪೀಟ್‌ಗಳೇ. ಸಿಕ್ಕ ಪಾಲನ್ನು ಜೋಡಣೆಯಲ್ಲಿ ಸಿಕ್ಕ ಪಾಲಿನ ಜೊತೆ ಹೋಲಿಸಿ. ರೀಡ್‌ಗಳು ಪಿಸಿಆರ್ ಇಲ್ಲದೆ ತಯಾರಾದವಾಗಿದ್ದರೆ ಒಳ್ಳೆಯದು. ಎ ಮತ್ತು ಟಿ ಜಾಸ್ತಿ ಇರುವ ಸ್ಯಾಟಲೈಟ್‌ಗಳನ್ನು ಪಿಸಿಆರ್ ಹಿಂದೆ ತಳ್ಳಿಬಿಡುತ್ತದೆ.

ಪರಿಹಾರ ಉದ್ದ ರೀಡ್ ಒಂದೇ. ಹೈಫೈನ ಹದಿನೈದು ಇಪ್ಪತ್ತು ಕಿಲೋಬೇಸ್ ಬಹುಪಾಲು ಟ್ರಾನ್ಸ್‌ಪೋಸಾನ್‌ಗಳನ್ನು (ಜೀನೋಮ್‌ನಲ್ಲಿ ಜಾಗ ಬದಲಿಸುವ ಡಿಎನ್‌ಎ ತುಣುಕುಗಳನ್ನು) ದಾಟಿಸುತ್ತದೆ. ಉದ್ದನೆಯ ಸ್ಯಾಟಲೈಟ್ ಸಾಲುಗಳಿಗೆ ನ್ಯಾನೋಪೋರ್‌ನ 100 ಕಿಲೋಬೇಸ್ ಮೀರಿದ ರೀಡ್ ಬೇಕಾಗುತ್ತದೆ. ಅಷ್ಟು ಉದ್ದದ ಡಿಎನ್‌ಎ ಚಿಪ್ಪುಜೀವಿಯಿಂದ ಬರುವುದು ಸುಲಭವಲ್ಲ. ಲೋಳೆಯಲ್ಲಿರುವ ಸಕ್ಕರೆಯಂಥ ಉದ್ದ ಅಣುಗಳು ಡಿಎನ್‌ಎಗೆ ಅಂಟಿಕೊಂಡೇ ಬರುತ್ತವೆ. ಸಿಟಿಎಬಿ ವಿಧಾನ ಇವನ್ನು ಬೇರ್ಪಡಿಸಲೆಂದೇ ಇದೆ.

ರಿಪೀಟ್‌ನಂತೆ ಕಾಣುವ ಪರಕೀಯರು

ಇವು ನೀರು ಸೋಸಿ ತಿನ್ನುವ ಜೀವಿಗಳು. ಹೊಟ್ಟೆ, ಕಿವಿರುಗಳ ತುಂಬ ಪಾಚಿ ಮತ್ತು ಬ್ಯಾಕ್ಟೀರಿಯಾ. ತಣ್ಣನೆ ಆಳ ಸಮುದ್ರದ ಮಸೆಲ್‌ಗಳ ಕಿವಿರಿನ ಕೋಶಗಳಲ್ಲೇ ಬ್ಯಾಕ್ಟೀರಿಯಾ ಬದುಕುತ್ತವೆ. ಅವುಗಳ ಡಿಎನ್‌ಎ ಕವರೇಜ್ ವಿಪರೀತ ಏರಿ, ರಿಪೀಟ್ ಥರ ಕಾಣಬಹುದು. ಬ್ಲಾಬ್‌ಟೂಲ್ಸ್‌ನಲ್ಲಿ ಜಿಸಿ ಪಾಲು (ಜಿ ಮತ್ತು ಸಿ ಅಕ್ಷರಗಳ ಪಾಲು) ಮತ್ತು ಕವರೇಜ್ ಎರಡನ್ನೂ ಒಟ್ಟಿಗೆ ನೋಡಿದರೆ ಬೇರೆ ಗುಂಪಾಗಿ ನಿಲ್ಲುತ್ತವೆ. ಮುಂದಿನ ಸಲ ಚಿಪ್ಪು ಮುಚ್ಚುವ ಸ್ನಾಯುವಿನಿಂದ ಡಿಎನ್‌ಎ ತೆಗೆಯಿರಿ.

ರಕ್ತದಿಂದ ತೆಗೆಯುವವರಿಗೆ ಇನ್ನೊಂದು ಮಾತು. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಮೆದು ಚಿಪ್ಪಿನ ಕ್ಲ್ಯಾಮ್‌ನಲ್ಲಿ ರಕ್ತದ ಕ್ಯಾನ್ಸರ್ ಇದೆ. ಅದು ಒಂದು ಜೀವಿಯಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಆ ಕೋಶಗಳಲ್ಲಿ ಸ್ಟೀಮರ್ ಎಂಬ ರೆಟ್ರೋಟ್ರಾನ್ಸ್‌ಪೋಸಾನ್ ಮಿತಿಮೀರಿ ಹೆಚ್ಚಿರುತ್ತದೆ. ಆರೋಗ್ಯವಾಗಿರುವ ಕ್ಲ್ಯಾಮ್‌ನಲ್ಲಿ ಬೆರಳೆಣಿಕೆಯಷ್ಟು ಪ್ರತಿಗಳಿದ್ದರೆ, ಕ್ಯಾನ್ಸರ್ ಕೋಶದಲ್ಲಿ ನೂರು ದಾಟುತ್ತವೆ. ಮಸೆಲ್‌ಗಳಲ್ಲೂ ಇಂಥ ಹರಡುವ ಕ್ಯಾನ್ಸರ್ ಇದೆ. ಒಂದೇ ಟ್ರಾನ್ಸ್‌ಪೋಸಾನ್ ದಿಢೀರ್ ಏರಿದ್ದು ಕಂಡರೆ, ಜೊತೆಗೆ ಕೆ-ಮರ್ ಚಿತ್ರದಲ್ಲಿ ಅರ್ಥವಾಗದ ಮೂರನೇ ಗುಡ್ಡ ಇದ್ದರೆ, ಮಾದರಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಆ ಜೀವಿಯ ಜೀನೋಮ್ ಜೊತೆ ಬೇರೆ ಯಾವುದೋ ಜೀವಿಯ ಜೀನೋಮ್ ಬೆರೆತಿರಬಹುದು.

ಅರ್ಧಕ್ಕೆ ಹೆಸರೇ ಇಲ್ಲ

ಇಷ್ಟಾದ ಮೇಲೆ ಮಾತ್ರ ರಿಪೀಟ್‌ಮಾಸ್ಕರ್, ಅಂದರೆ ರಿಪೀಟ್‌ಗಳನ್ನು ಗುರುತಿಸಿ ಮುಚ್ಚುವ ಪ್ರೋಗ್ರಾಂ. ಸಿದ್ಧ ಪಟ್ಟಿಯಿಂದ ಮಾತ್ರ ಓಡಿಸಿದರೆ ಪಾಲು ತೀರ ಕಡಿಮೆ ಬರುತ್ತದೆ. ಡಿಫ್ಯಾಮ್‌ನಂಥ ಪಟ್ಟಿಗಳಲ್ಲಿ ಚೆನ್ನಾಗಿ ಪರಿಶೀಲಿಸಿದ ಭಾಗ ಮನುಷ್ಯ, ಇಲಿ, ಹಣ್ಣುನೊಣದಂಥ ಜೀವಿಗಳದ್ದೇ ಜಾಸ್ತಿ. ಮೊದಲು ರಿಪೀಟ್‌ಮಾಡೆಲರ್‌ನಿಂದ ನಿಮ್ಮ ಜೀವಿಯದ್ದೇ ಪಟ್ಟಿ ಮಾಡಿ. ಆಗ ಪಾಲು ಏರುತ್ತದೆ, ಆದರೆ ಬಹಳಷ್ಟು "ಗೊತ್ತಿಲ್ಲ" ಖಾನೆಗೆ ಬೀಳುತ್ತವೆ.

ಅದರಲ್ಲಿ ಒಂದು ದೊಡ್ಡ ಪಾಲು ಹೆಲಿಟ್ರಾನ್ ಎಂಬ ಡಿಎನ್‌ಎ ಟ್ರಾನ್ಸ್‌ಪೋಸಾನ್ ಗುಂಪಿಗೆ ಸೇರಿರುವ ಸಾಧ್ಯತೆ ಇದೆ. ಆಯ್ಸ್ಟರ್‌ನಲ್ಲಿ ಅವು ತುಂಬಾ ಇವೆ. ಬೇರೆ ಬಹುತೇಕ ಡಿಎನ್‌ಎ ಟ್ರಾನ್ಸ್‌ಪೋಸಾನ್‌ಗಳ ಎರಡು ತುದಿಯಲ್ಲೂ ತಿರುಗಿಸಿ ಬರೆದಂಥ ಒಂದೇ ಸಾಲು ಇರುತ್ತದೆ. ಸೇರಿದ ಜಾಗದಲ್ಲಿ ಒಂದು ಚಿಕ್ಕ ಗುರುತೂ ಉಳಿಯುತ್ತದೆ. ಹೆಲಿಟ್ರಾನ್‌ಗೆ ಎರಡೂ ಇಲ್ಲ. ಅದು ಎ ಮತ್ತು ಟಿ ನಡುವೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಟಿಸಿ ಎಂದು ಶುರು, ಕೊನೆಯಲ್ಲಿ ಸಿಟಿಆರ್‌ಆರ್ (ಆರ್ ಅಂದರೆ ಎ ಅಥವಾ ಜಿ) ಮತ್ತು ಅದಕ್ಕೂ ಮುಂಚೆ ಒಂದು ಚಿಕ್ಕ ಮಡಿಕೆ. ಗುರುತು ಇಷ್ಟೇ. ಗುರುತು ಇಷ್ಟು ತೆಳ್ಳಗಿರುವುದರಿಂದ ರಚನೆ ನೋಡಿ ಹುಡುಕುವ ಪ್ರೋಗ್ರಾಂಗಳು ಎರಡೂ ಕಡೆ ತಪ್ಪುತ್ತವೆ: ಇರುವುದನ್ನು ಬಿಡುತ್ತವೆ, ಇಲ್ಲದ್ದನ್ನು ಹಿಡಿಯುತ್ತವೆ. ಇಂಥ ಪ್ರೋಗ್ರಾಂಗಳನ್ನು ಒಟ್ಟುಗೂಡಿಸಿದ ಇಡಿಟಿಎ ಮೂಲತಃ ಗಿಡಗಳಿಗಾಗಿ ಹೊಂದಿಸಿದ್ದು. ಚಿಪ್ಪುಜೀವಿಗೆ ಬಳಸಿದರೆ ಅದರ ಹೆಲಿಟ್ರಾನ್ ಪಾಲನ್ನು ಕೈಯಿಂದ ಪರಿಶೀಲಿಸದೆ ಬರೆಯಬೇಡಿ.

ಅತಿ ಹೆಚ್ಚು ಜಾಗ ತಿನ್ನುವ ಇಪ್ಪತ್ತು ಮೂವತ್ತು ಕುಟುಂಬಗಳನ್ನು ಎತ್ತಿಕೊಂಡು, ಪ್ರತಿಗಳನ್ನು ಒಂದರ ಕೆಳಗೊಂದು ಜೋಡಿಸಿ, ತುದಿಗಳನ್ನು ಕಣ್ಣಿಂದ ನೋಡಿ. ಬೇಸರದ ಕೆಲಸ, ಆದರೆ ಯಾವ ಪ್ರೋಗ್ರಾಂ ಬದಲಿಸಿದರೂ ಸಿಗದ ಲಾಭ ಇದರಲ್ಲಿದೆ.

ಜೀನ್‌ಗಳು ಕಾಣೆ

ರಿಪೀಟ್‌ಮಾಡೆಲರ್‌ಗೆ ಪ್ರತಿಗಳ ಸಂಖ್ಯೆ ಮಾತ್ರ ಗೊತ್ತು. ಪೆಸಿಫಿಕ್ ಆಯ್ಸ್ಟರ್‌ನಲ್ಲಿ ಶಾಖದ ಆಘಾತ ತಡೆಯುವ ಎಚ್‌ಎಸ್‌ಪಿ70 ಜೀನ್‌ಗಳೇ 88. ರೋಗ ತಡೆಗೆ ಸಂಬಂಧಿಸಿದ ಸಿ1ಕ್ಯು ಗುಂಪಿನ ಜೀನ್‌ಗಳು 300ಕ್ಕೂ ಹೆಚ್ಚು. ಇಂಥ ದೊಡ್ಡ ಕುಟುಂಬಗಳನ್ನು ಅದು ರಿಪೀಟ್ ಎಂದು ಪಟ್ಟಿಗೆ ಸೇರಿಸಬಹುದು. ಮುಚ್ಚಿದ ಮೇಲೆ ಆ ಜೀನ್‌ಗಳು ಹುಡುಕಾಟಕ್ಕೆ ಸಿಗುವುದಿಲ್ಲ. ತಣ್ಣನೆ ನೀರಿನಲ್ಲಿ ಬದುಕುವ ಬಗೆ ತಿಳಿಯಲು ಹೊರಟವರಿಗೆ ಇವೇ ಅಲ್ವಾ ಬೇಕಾದದ್ದು?

ಪಟ್ಟಿಯ ಪ್ರತಿ ಹೆಸರಿಲ್ಲದ ಸಾಲನ್ನೂ ಪ್ರೋಟೀನ್ ಸಂಗ್ರಹದ ಜೊತೆ ಹೋಲಿಸಿ. ಟ್ರಾನ್ಸ್‌ಪೋಸಾನ್‌ನ ಯಾವ ಗುರುತೂ ಇಲ್ಲದೆ ನಿಜವಾದ ಜೀನ್‌ಗೆ ಹೊಂದಿದರೆ ಪಟ್ಟಿಯಿಂದ ತೆಗೆಯಿರಿ. ಮುಚ್ಚುವಾಗ ಎನ್ ಅಕ್ಷರ ಹಾಕಿ ಅಳಿಸಬೇಡಿ, ಚಿಕ್ಕಕ್ಷರ ಮಾಡಿ ಬಿಡಿ.

"ತಣ್ಣೀರಿನಿಂದಲೇ ರಿಪೀಟ್ ಹೆಚ್ಚಿತು" ಎಂಬ ತೀರ್ಮಾನ

ಇದೂ ಒಂದು ದೋಷವೇ, ಮತ್ತು ಅತಿ ಆಕರ್ಷಕವಾದದ್ದು. ಹಳೆಯ ಚಿಕ್ಕ ರೀಡ್‌ಗಳಿಂದ ಜೋಡಿಸಿದ ಬೆಚ್ಚನೆ ನೀರಿನ ಜೀವಿಯನ್ನು, ಹೈಫೈನಿಂದ ಜೋಡಿಸಿದ ತಣ್ಣನೆ ನೀರಿನ ಜೀವಿಯ ಪಕ್ಕ ಇಟ್ಟರೆ ಎರಡನೆಯದರಲ್ಲಿ ರಿಪೀಟ್ ಜಾಸ್ತಿ ಕಾಣುತ್ತದೆ. ಅಷ್ಟೇ ಅಲ್ಲ, ಅವು ಇತ್ತೀಚಿನವು ಎಂದೂ ಕಾಣುತ್ತದೆ. ಯಾಕೆ? ಇತ್ತೀಚೆಗೆ ಹುಟ್ಟಿದ ಪ್ರತಿಗಳು ಒಂದನ್ನೊಂದು ಪೂರಾ ಹೋಲುತ್ತವೆ. ಚಿಕ್ಕ ರೀಡ್ ಜೋಡಣೆಯಲ್ಲಿ ಮೊದಲು ಕುಸಿಯುವುದು ಅವೇ. ಹಳೆಯವು ಬದಲಾಗಿ ಬೇರೆ ಬೇರೆ ಆಗಿರುವುದರಿಂದ ಉಳಿದುಕೊಳ್ಳುತ್ತವೆ. ಹಾಗಾಗಿ ರಿಪೀಟ್‌ಗಳ ವಯಸ್ಸಿನ ಚಿತ್ರದ ಎಡ ತುದಿ ಬೋಳಾಗಿದ್ದರೆ, ಅದು ಜೀವಿಯ ಇತಿಹಾಸ ಎನ್ನುವ ಮೊದಲು ಯಂತ್ರ ಯಾವುದು ಎಂದು ಕೇಳಿ.

ಒಂದೇ ವಿಧಾನದಲ್ಲಿ ಮಾಡಿದ ಹೋಲಿಕೆ ಏನು ಹೇಳುತ್ತದೆ ಎಂಬುದಕ್ಕೆ 2017ರ ಒಂದು ಉದಾಹರಣೆ ಇದೆ. ಆಳ ಸಮುದ್ರದ ಬ್ಯಾಥಿಮೋಡಿಯೋಲಸ್ ಪ್ಲಾಟಿಫ್ರಾನ್ಸ್ ಮಸೆಲ್‌ನ ಜೀನೋಮ್ 1.64 ಗಿಗಾಬೇಸ್, ರಿಪೀಟ್ ಸುಮಾರು ಶೇ. 48. ಅದೇ ಅಧ್ಯಯನದಲ್ಲಿ ಬೆಚ್ಚನೆಯ, ಆಳವಿಲ್ಲದ ನೀರಿನ ಮೋಡಿಯೋಲಸ್ ಫಿಲಿಪ್ಪಿನಾರಮ್ 2.38 ಗಿಗಾಬೇಸ್, ರಿಪೀಟ್ ಸುಮಾರು ಶೇ. 62. ಬೆಚ್ಚಗಿನ ನೆಂಟನಲ್ಲೇ ಹೆಚ್ಚು. ಒಂದು ಜೋಡಿಯಿಂದ ಇದಕ್ಕೆ ವಿರುದ್ಧದ ನಿಯಮವನ್ನೂ ಮಾಡಲಾಗದು. ಹತ್ತಾರು ಪ್ರಭೇದಗಳು ಬೇಕು, ನೆಂಟಸ್ತಿಕೆಯ ಮರ ಬೇಕು, ಎಲ್ಲಕ್ಕೂ ಒಂದೇ ಥರದ ರೀಡ್ ಮತ್ತು ಒಂದೇ ವಿಧಾನದ ಪಟ್ಟಿ ಬೇಕು.

ಮೈಟೊಕಾಂಡ್ರಿಯ ಉಂಗುರ ಮುಚ್ಚುತ್ತಿಲ್ಲ

ಪ್ರಾಣಿಗಳ ಮೈಟೊಕಾಂಡ್ರಿಯ ಡಿಎನ್‌ಎ ಸಾಮಾನ್ಯವಾಗಿ 16 ಕಿಲೋಬೇಸ್ ಆಸುಪಾಸಿನ ಒಂದು ಉಂಗುರ. ಅಟ್ಲಾಂಟಿಕ್ ಸಮುದ್ರದ ದೊಡ್ಡ ಸ್ಕ್ಯಾಲಪ್‌ನಲ್ಲಿ ಅದು 30 ಕಿಲೋಬೇಸ್ ದಾಟುತ್ತದೆ. ಒಂದು ಕಾರಣ ಸುಮಾರು 1.4 ಕಿಲೋಬೇಸ್‌ನ ಒಂದು ತುಣುಕು ಸಾಲಾಗಿ ಹಲವು ಸಲ ಬರುವುದು. ಎಷ್ಟು ಸಲ ಎನ್ನುವುದು ಜೀವಿಯಿಂದ ಜೀವಿಗೆ ಬೇರೆ. ಚಿಕ್ಕ ರೀಡ್‌ನಿಂದ ಇದು ಎಂದಿಗೂ ಸರಿಯಾಗಿ ಮುಚ್ಚದು. ಪ್ರೋಗ್ರಾಂ ಬಲವಂತವಾಗಿ ಮುಚ್ಚಿ ಕೊಟ್ಟ ಚಿಕ್ಕ ಉಂಗುರ ನೋಡಲು ಚೆಂದ, ಆದರೆ ತಪ್ಪು. ಇಡೀ ಸಾಲನ್ನು ಎರಡು ಬದಿಯ ಜೀನ್‌ಗಳ ಸಮೇತ ದಾಟುವ ಉದ್ದ ರೀಡ್‌ಗಳನ್ನು ಮಾತ್ರ ಆರಿಸಿ, ಒಂದೊಂದರಲ್ಲೂ ತುಣುಕು ಎಷ್ಟು ಸಲ ಬಂದಿದೆ ಎಣಿಸಿ.

ಮಸೆಲ್ ಆದರೆ ಇನ್ನೊಂದು ಪರೀಕ್ಷೆ ಮೊದಲು. ಗಂಡು ಮಸೆಲ್‌ನಲ್ಲಿ ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು, ಹೀಗೆ ಎರಡು ಬಗೆಯ ಮೈಟೊಕಾಂಡ್ರಿಯ ಡಿಎನ್‌ಎ ಇರುತ್ತವೆ. ವೀರ್ಯ ತುಂಬಿದ ಭಾಗದಿಂದ ತೆಗೆದ ಮಾದರಿಯಲ್ಲಿ ತಂದೆಯದ್ದೇ ಜೋರು. ಎರಡೂ ಬೆರೆತ ಜೋಡಣೆಯಲ್ಲಿ ಜೀನ್‌ಗಳು ಎರಡೆರಡು ಸಲ ಬಂದು ರಿಪೀಟ್ ಥರವೇ ಕಾಣುತ್ತವೆ. ಮಾದರಿ ಗಂಡೋ ಹೆಣ್ಣೋ, ಡಿಎನ್‌ಎ ಯಾವ ಅಂಗದ್ದು ಎಂಬುದನ್ನು ಡೇಟಾ ಜೊತೆಗೇ ಬರೆದಿಡಿ. ಆಗ ಎರಡು ಉಂಗುರಗಳನ್ನು ಬೇರೆ ಬೇರೆ ಜೋಡಿಸಿ, ಯಾವುದು ಯಾರದ್ದು ಎಂದು ಗುರುತು ಹಾಕಬಹುದು.